ಸೆಕೆಯ ದಿನದಲ್ಲಿ ಕಡಲ ತಡಿಗೆ

ಏಪ್ರಿಲ್ ತಿಂಗಳು ಅರ್ಧ ಕಳೆದು, ಶಾಲೆಗಳಿಗೆ ಬೇಸಗೆಯ ರಜೆ ಬಂದು, ಮಲೆನಾಡಿನ ಹೆಂಚಿನ ಮನೆಗಳಲ್ಲಿಯೂ ಮಧ್ಯಾಹ್ನದ ನಿದ್ರೆ ದುರ್ಲಭವಾದಾಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆಯ ಕುಟುಂಬಗಳಿಗೆ ನೆನಪಾಗುವುದು ಘಟ್ಟದ ಕೆಳಗಿನ ಕಡಲು. ಅಜ್ಜಿಯಿಂದ ಮೊದಲ್ಗೊಂಡು ಮಡಿಲ ಮಗುವಿನವರೆಗೆ ಎಲ್ಲರೂ ಒಂದೇ ವಾಹನದಲ್ಲಿ ಒತ್ತಿ ಕುಳಿತು, ಆಗುಂಬೆಯ ತಿರುವುಗಳನ್ನಿಳಿದು, ಉಡುಪಿಯಲ್ಲಿ ಕೃಷ್ಣದರ್ಶನ ಮಾಡಿ, ಮಠದ ಊಟ ಮುಗಿಸಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಮಲ್ಪೆಯ ಮರಳಿನ ಮೇಲೆ ಕಾಲಿಡುವುದು ಈ ಪ್ರವಾಸದ ರೂಢಿಯ ಕ್ರಮ. ಇಷ್ಟು ಆಸೆಯಿಂದ ಹೊರಟವರಿಗೆ ಕಡಲು ಕೊಡಬಲ್ಲ ಸುಖವೆಲ್ಲ ದೊರೆಯಬೇಕಾದರೆ ಆ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳುವುದು ಒಳಿತು.

ಕರಾವಳಿಯವರು ತಾವಾಗಿ ನಡುಹಗಲಲ್ಲಿ ಕಡಲ ದಂಡೆಯತ್ತ ಸುಳಿಯುವುದಿಲ್ಲ. ಘಟ್ಟದ ಮೇಲಿನವರು ಸಮುದ್ರವನ್ನು ತಂಪಿನ ಆಗರವೆಂದು ಭಾವಿಸಿ ಬರುತ್ತಾರಾದರೂ, ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಗೆ ಹೊಂದಿದ ಅರಬ್ಬೀ ಸಮುದ್ರದ ಮೇಲ್ಮೈ ನೀರು ಸುಮಾರು 29-30 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗಿರುತ್ತದೆ. ಮಲೆನಾಡಿನ ಮನೆಯ ಹಿತ್ತಿಲ ಬಾವಿಯ ನೀರು ಇದಕ್ಕಿಂತ ತಂಪು. ಹಾಗಿದ್ದೂ ಕಡಲ ತಡಿಯಲ್ಲಿ ದೇಹಕ್ಕೆ ಹಿತವೆನಿಸುವುದಕ್ಕೆ ನೀರಿಗಿಂತ ಮಿಗಿಲಾದ ಕಾರಣ ಗಾಳಿ. ಒಂದೇ ಸೂರ್ಯನ ಶಾಖವನ್ನು ಪಡೆದರೂ ನೆಲವು ಬೇಗನೆ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಏಕೆಂದರೆ ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಅಷ್ಟೇ ತೂಕದ ಒಣ ಮರಳಿಗೆ ಬೇಕಾದುದರ ಸುಮಾರು ಐದರಷ್ಟು ಶಾಖ ಬೇಕು, ಸಾಲದುದಕ್ಕೆ ಅಲೆಗಳು ಆ ಶಾಖವನ್ನು ಆಳದವರೆಗೂ ಕಲಸಿ ಹಂಚಿಬಿಡುತ್ತವೆ. ಹೊತ್ತೇರಿದಂತೆ ನೆಲದ ಮೇಲಿನ ಗಾಳಿ ಕಾದು, ಹಗುರಾಗಿ ಮೇಲಕ್ಕೇರಲು, ಆ ತೆರವನ್ನು ತುಂಬುವುದಕ್ಕಾಗಿ ಕಡಲ ಕಡೆಯಿಂದ ತಂಪಾದ ಗಾಳಿ ನುಗ್ಗಿ ಬರುತ್ತದೆ. ಬೆಳಗಿನ ಹೊತ್ತು ಮಂದವಾಗಿದ್ದು, ಮಧ್ಯಾಹ್ನಕ್ಕೆ ಮುನ್ನ ತಲೆದೋರಿ, ಅಪರಾಹ್ನದಲ್ಲಿ ಬಲವಾಗಿ ಬೀಸುವ ಈ ಗಾಳಿ ರಾತ್ರಿ ದಿಕ್ಕು ಬದಲಿಸಿ ನೆಲದಿಂದ ಕಡಲಿನತ್ತ ಹರಿಯುತ್ತದೆ. ಯಂತ್ರದ ದೋಣಿಗಳು ಬರುವುದಕ್ಕೆ ಮುಂಚೆ ಹಾಯಿ ಕಟ್ಟಿ ಮೀನಿಗೆ ಹೋಗುತ್ತಿದ್ದವರು ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡ ಸೇರುತ್ತಿದ್ದುದು ಈ ನಿಯಮವನ್ನು ತಮ್ಮ ಬಾಳಿಗೆ ಅಳವಡಿಸಿಕೊಂಡೇ.

ಆದರೆ ಈ ಗಾಳಿ ತರುವ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಬುರಗಿಯ ಒಣಬಿಸಿಲಲ್ಲಿ ಬೆವರು ಮೂಡಿದೊಡನೆ ಆರಿ ಮೈಯನ್ನು ತಣಿಸುತ್ತದೆ. ಕರಾವಳಿಯಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಬೆವರು ಆರದೆ ಮೈಗೆ ಅಂಟಿಕೊಳ್ಳುತ್ತದೆ, ಒಳಗಿನ ಶಾಖ ಒಳಗೇ ಉಳಿಯುತ್ತದೆ. ಭಾರತೀಯ ಹವಾಮಾನ ಇಲಾಖೆಯು ಬಯಲುನಾಡಿನಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟುವವರೆಗೆ ಬಿಸಿಗಾಳಿಯ ಮಾತೆತ್ತದಿದ್ದರೂ ಕರಾವಳಿಗೆ 37 ಡಿಗ್ರಿಯನ್ನೇ ಮಿತಿಯಾಗಿ ಇಟ್ಟುಕೊಂಡಿದೆಯೆಂಬುದು ಇಲ್ಲಿ ಗಮನಾರ್ಹ. ಆದುದರಿಂದ ಹನ್ನೊಂದರಿಂದ ಮೂರೂವರೆಯವರೆಗಿನ ಹೊತ್ತನ್ನು ನೆರಳಿಗೇ ಮೀಸಲಿಡಬೇಕು. ಊಟ ಹಗುರಾಗಿರಲಿ, ಬೊಂಡ, ಉಪ್ಪು ಹಾಕಿದ ನೀರುಮಜ್ಜಿಗೆ, ಪುನರ್ಪುಳಿಯ ಶರಬತ್ತುಗಳನ್ನು ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯುತ್ತಿರಲಿ. ವೃದ್ಧರೂ ಎಳೆಯ ಮಕ್ಕಳೂ ಬಾಯಾರಿಕೆಯನ್ನು ಹೇಳಿಕೊಳ್ಳುವುದು ತಡವಾಗಿ. ಅವರನ್ನು ಕೇಳಿ ಕೇಳಿ ಕುಡಿಸುವುದು ಮನೆಯವರ ಕರ್ತವ್ಯ. ನಡುಹಗಲ ಒಣಮರಳು ಕಾದ ಕಾವಲಿಯಂತೆ ಅಂಗಾಲನ್ನು ಸುಡುತ್ತದೆ. ಅದೇ ಮರಳನ್ನು ಒಂದು ಗೇಣು ತೋಡಿದರೆ ಒಳಗೆ ತಂಪೂ ತೇವವೂ ಸಿಗುವುದನ್ನು ಮಕ್ಕಳಿಗೆ ತೋರಿಸಿದರೆ, ಶಾಖವು ಮರಳಿನಲ್ಲಿ ಎಷ್ಟು ನಿಧಾನವಾಗಿ ಕೆಳಗಿಳಿಯುತ್ತದೆಂಬ ಪಾಠವನ್ನು ಅವು ಕೈಯಾರೆ ಕಲಿಯುತ್ತವೆ.

ಮಲ್ಪೆಯಿಂದ ದೋಣಿಯಲ್ಲಿ ತಲಪಬಹುದಾದ ಸೇಂಟ್ ಮೇರಿ ದ್ವೀಪವನ್ನು ನೋಡುವ ಅಪೇಕ್ಷೆಯುಳ್ಳವರು ಬೆಳಗಿನ ಹೊತ್ತಿನಲ್ಲಿಯೇ ನೋಡಿಬರಬೇಕು. ತೆಂಗಿನ ಮರಗಳ ನೆರಳನ್ನು ಬಿಟ್ಟರೆ ಅಲ್ಲಿ ಆಶ್ರಯ ವಿರಳ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂಬ ಐತಿಹ್ಯವುಂಟು. ಐತಿಹ್ಯಕ್ಕಿಂತ ಅದ್ಭುತವಾದುದು ಅಲ್ಲಿನ ಶಿಲೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಶಿಲಾರಸವು ಆರುತ್ತ, ಆರುತ್ತ ಕುಗ್ಗಿ, ಐದು-ಆರು ಮುಖಗಳ ಕಂಬಗಳಾಗಿ ಸೀಳಿಕೊಂಡು ನಿಂತಿದೆ. ಮನುಷ್ಯನ ಉಳಿ ಸೋಕದ ಈ ಸ್ತಂಭಗಳ ಅಂಚುಗಳನ್ನು ಬೆರಳಿನಿಂದ ಸವರಿ ನೋಡುವ ಬಾಲಕನಿಗೆ ಭೂಮಿಯ ವಯಸ್ಸು ಮೊದಲ ಬಾರಿಗೆ ಸ್ಪರ್ಶಕ್ಕೆ ಸಿಕ್ಕಿದಂತಾಗುತ್ತದೆ.

ನಾಲ್ಕು ಗಂಟೆಯ ಮೇಲೆ, ಬಿಸಿಲು ಓರೆಯಾಗಿ, ಗಾಳಿ ತುಂಬಿ ಬೀಸತೊಡಗಿದಾಗ ದಂಡೆಗಿಳಿಯುವುದು ಸರಿಯಾದ ಸಮಯ. ಸೀರೆಯ ನಿರಿಗೆಯನ್ನು ಮೇಲೆತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತ ಅಜ್ಜಿ, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಪ್ರೋಕ್ಷಿಸಿಕೊಂಡು ಕೈಮುಗಿಯುತ್ತಾರೆ; ಪಕ್ಕದಲ್ಲಿ ಅವರ ಸೆರಗು ಹಿಡಿದ ಮೊಮ್ಮಗ, “ಅಮ್ಮಮ್ಮಾ, ನೆಲ ಓಡ್ತಾ ಇದೆ!” ಎಂದು ಕೂಗುತ್ತಾನೆ. “ನೆಲ ಅಲ್ಲ ಮಾರಾಯ, ನೀರು ಮರಳನ್ನ ಎಳ್ಕೊಂಡು ಹೋಗ್ತಾ ಇದೆ” ಎಂಬ ಅವರ ಉತ್ತರ ಯಥಾರ್ಥವಾದುದು. ಹಿಂದೆ ಸರಿಯುವ ತೆರೆಯ ನೀರು ಪಾದವನ್ನು ಬಳಸಿ ಹರಿಯುವಾಗ ಅಲ್ಲಿ ವೇಗ ಹೆಚ್ಚಿ, ಹಿಮ್ಮಡಿಯ ಸುತ್ತಲಿನ ಮರಳನ್ನು ಕೊರೆದೊಯ್ಯುತ್ತದೆ. ಪಾದ ಮೆಲ್ಲಗೆ ಕುಸಿಯುತ್ತದೆ. ಇಷ್ಟು ತೆಳುವಾದ ನೀರಿಗೆ ಇಷ್ಟು ಬಲವಿದ್ದರೆ, ಸೊಂಟದುದ್ದದ ನೀರಿಗೆ ಎಷ್ಟಿರಬೇಡ!

ಈ ಬಲವೇ ಒಂದೆಡೆ ಸೇರಿ ಹರಿದರೆ ಸೆಳೆತವಾಗುತ್ತದೆ. ದಡಕ್ಕೆ ಬಂದ ನೀರು ಮರಳಿನ ದಿಬ್ಬಗಳ ನಡುವಿನ ಇಕ್ಕಟ್ಟಾದ ಕಂಡಿಯಲ್ಲಿ ಕಡಲಿಗೆ ಹಿಂದಿರುಗುವುದೇ ಸೆಳೆತ. ಅದರ ಮೋಸವಿರುವುದು ಅದರ ರೂಪದಲ್ಲಿ. ಎರಡೂ ಕಡೆ ನೊರೆಯೆದ್ದು ತೆರೆಗಳು ಒಡೆಯುತ್ತಿರುವಾಗ ನಡುವೆ ಶಾಂತವಾಗಿ ತೋರುವ ನೀರಿನ ಪಟ್ಟಿಯನ್ನು ಕಂಡು, ಇಲ್ಲಿ ಅಲೆ ಕಡಿಮೆಯೆಂದು ಮಕ್ಕಳನ್ನು ಅಲ್ಲಿಗೇ ಇಳಿಸುವ ತಂದೆತಾಯಿಗಳುಂಟು; ಅಪಾಯವಿರುವುದು ಅಲ್ಲಿಯೇ. ಸೆಳೆತಕ್ಕೆ ಸಿಕ್ಕವನು ದಡದತ್ತ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಪ್ರವಾಹದಿಂದ ಹೊರಬಿದ್ದ ಮೇಲೆ ತೆರೆಗಳೊಡನೆ ದಡಕ್ಕೆ ಬರಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಬೇಸಗೆಯಲ್ಲಿ ಇನ್ನೊಂದು ವಿಚಿತ್ರವೂ ಉಂಟು: ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ಉಬ್ಬುತೆರೆಗಳು ದಿನಗಟ್ಟಲೆ ಪಯಣಿಸಿ, ಇಲ್ಲಿ ಆಕಾಶ ನಿರ್ಮಲವಾಗಿರುವಾಗಲೇ ದಡವನ್ನು ಅಪ್ಪಳಿಸುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವು ಇಂಥ ತೆರೆಗಳ ಮುನ್ಸೂಚನೆ ಕೊಡುತ್ತದೆ. ದಂಡೆಯ ಜೀವರಕ್ಷಕರು ಕೆಂಪು ಬಾವುಟ ನೆಟ್ಟರೆ, ದೂರದಿಂದ ಬಂದೆವೆಂಬ ಕಾರಣಕ್ಕಾಗಿ ಅವರೊಡನೆ ವಾದಕ್ಕಿಳಿಯುವುದು ಸಲ್ಲದು.

ಆರು ಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಮುಂಚೆಯೇ ಮಕ್ಕಳನ್ನು ನೀರಿನಿಂದ ಮೇಲಕ್ಕೆ ಕರೆದು, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಮೈ ತೊಳೆಯಿಸಿ, ಒಣಬಟ್ಟೆ ತೊಡಿಸಿ ಕೂರಿಸಿದರೆ, ಘಟ್ಟ ಹತ್ತುವ ಹೊತ್ತಿಗೆ ಅವು ಹಾಯಾಗಿ ನಿದ್ರಿಸುತ್ತವೆ. ಈ ಪ್ರವಾಸವನ್ನು ಮೇ ತಿಂಗಳ ನಡುವಿನೊಳಗೆ ಮುಗಿಸುವುದು ಕ್ಷೇಮ. ಆಮೇಲೆ ಮುಂಗಾರಿನ ಮುನ್ಸೂಚನೆಯಾಗಿ ಕಡಲು ಒರಟಾಗುತ್ತ ಬರುತ್ತದೆ, ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ.