ಬ್ರೇಸ್‌ಲೆಟ್‌ನ ಕೊಂಡಿ ಗಟ್ಟಿ ಇದೆಯೇ?

ಕಳೆದ ಈದ್ ಆದ ಮೂರನೇ ದಿನ ನಾವು ಮನೆಯವರೆಲ್ಲ ಹೊನ್ನಾವರದ ಕಾಸರಕೋಡು ಬೀಚಿಗೆ ಹೋಗಿದ್ದೆವು. ಭಟ್ಕಳಕ್ಕೆ ವಾಪಸ್ ಬರುವಾಗ ಬಸ್ಸು ಮುರ್ಡೇಶ್ವರದ ಕ್ರಾಸ್ ದಾಟಿದ ಮೇಲೆ ಆಪಾ ತನ್ನ ಎಡಗೈ ನೋಡಿಕೊಂಡು ಇದ್ದಕ್ಕಿದ್ದಂತೆ ಸುಮ್ಮನಾದಳು. ಮದುವೆಯ ಮೊದಲ ವರ್ಷ ದುಲ್ಹಾಭಾಯಿ ದುಬೈನಿಂದ ತಂದುಕೊಟ್ಟ ಬ್ರೇಸ್‌ಲೆಟ್ ಕೈಯಲ್ಲಿರಲಿಲ್ಲ. ಸೀಟಿನ ಕೆಳಗೆ, ಚೀಲದಲ್ಲಿ, ಟಿಫಿನ್ ಡಬ್ಬದಲ್ಲಿ ಎಲ್ಲ ಕಡೆ ಹುಡುಕಿದೆವು. ಕಂಡಕ್ಟರ್ ಕೂಡ ಮೊಬೈಲ್ ಟಾರ್ಚ್ ಹಾಕಿ ನೋಡಿದರು. ಬೀಚಿನ ಮರಳಲ್ಲಿ ಬಿದ್ದಿದ್ದರೆ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಮನೆಗೆ ಬಂದು ಬುರ್ಖಾ ತೆಗೆದಾಗ ತೋಳಿನ ಒಳಗಿನ ಲೇಸಿಗೆ ಸಿಕ್ಕಿಕೊಂಡು ಅದು ನೇತಾಡುತ್ತಿತ್ತು. ಅಮ್ಮಿ ಅಲ್ಲೇ ಕುಳಿತುಬಿಟ್ಟರು.

ನಾನು ಕಾಮರ್ಸ್ ಓದುವವಳು, ಲೆಕ್ಕ ಹಾಕದೆ ಇರಲಾಗಲಿಲ್ಲ. ಬ್ರೇಸ್‌ಲೆಟ್ 11 ಗ್ರಾಂ, 18 ಕ್ಯಾರೆಟ್. ಅಂದರೆ ನೂರಕ್ಕೆ 75 ಪಾಲು ಚಿನ್ನ, ಒಟ್ಟು 8.25 ಗ್ರಾಂ. 2025ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ 10 ಗ್ರಾಂ ಅಪರಂಜಿಯ ಬೆಲೆ 1 ಲಕ್ಷ ರೂಪಾಯಿ ಮುಟ್ಟಿತ್ತು. ಆ ದರದಲ್ಲೇ ನೋಡಿದರೂ ಕೂಲಿ ಬಿಟ್ಟು 82,500 ರೂಪಾಯಿ. ಅಷ್ಟು ಹಣ ಒಂದು ಲೇಸಿನ ತುದಿಯಲ್ಲಿ ತೂಗುತ್ತಿತ್ತು.

ಮುಂದಿನ ವಾರ ನಾನಿಯ ಮನೆಗೆ ಕುಮಟಾಕ್ಕೆ ಹೋದಾಗ ಅಲ್ಲಿನ ಪರಿಚಯದ ಸೊನಗಾರರಿಗೆ ಅದನ್ನು ತೋರಿಸಿದೆವು. ನಾವೆಲ್ಲ ಅಲ್ಲಿಯತನಕ ಕೊಂಡಿಯನ್ನೇ ಬೈಯುತ್ತಿದ್ದೆವು. ಅವರು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿ, ಕೊಂಡಿಗೆ ಏನೂ ಆಗಿಲ್ಲ ಎಂದರು. ಕೊಂಡಿಯನ್ನು ಸರಪಳಿಗೆ ಸೇರಿಸುವ ಒಂದು ಸಣ್ಣ ರಿಂಗ್ ಇರುತ್ತದಲ್ಲ, ಅದರ ಬಾಯಿ ತೆರೆದಿತ್ತು. ಆ ರಿಂಗ್ ತಂತಿಯನ್ನು ಬಗ್ಗಿಸಿ ಮಾಡಿದ್ದು. ಎರಡು ತುದಿಗಳನ್ನು ಬೆಸುಗೆ ಹಾಕಿ ಮುಚ್ಚದೆ ಬರೀ ಒತ್ತಿ ಬಿಟ್ಟಿದ್ದರೆ, ಪ್ರತಿ ಸಲ ಬಟ್ಟೆ ಎಳೆದಾಗ ಕೂದಲೆಳೆಯಷ್ಟು ಅಗಲವಾಗುತ್ತಾ ಹೋಗುತ್ತದೆ. ಒಂದು ದಿನ ಸರಪಳಿ ಅದರೊಳಗಿಂದ ಜಾರುತ್ತದೆ. ಕೊಂಡಿ ಮಾತ್ರ ಹಾಕಿದ ಹಾಗೇ ಇರುತ್ತದೆ. ಹೆಚ್ಚಿನ ಬ್ರೇಸ್‌ಲೆಟ್‌ಗಳು ತಮ್ಮ ಬಳಿ ಬರುವುದು ಈ ರಿಂಗ್‌ನಿಂದಲೇ ಎಂದು ಅವರು ಹೇಳಿದರು.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಮಂಚದ ಮೇಲೆ ಕುಳಿತು (ಬಿದ್ದರೆ ಹಾಸಿಗೆಯಲ್ಲೇ ಸಿಗಲಿ) ಒಂದು ಹೊಲಿಗೆಯ ನೂಲನ್ನು ರಿಂಗ್‌ನೊಳಗೆ ತೂರಿಸಿ ಸುತ್ತ ಎಳೆಯಿರಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಥವಾ ಹೊರಗೆ ಜಾರಿದರೆ ಅಲ್ಲಿ ಬಿರುಕಿದೆ ಎಂದರ್ಥ. ಬೆಸುಗೆ ಹಾಕಿಸಲೇಬೇಕು. ಇಕ್ಕುಳದಿಂದ ಒತ್ತಿ ಮುಚ್ಚಿದರೆ ಸಾಲದು, ಹಾಗೆ ಮುಚ್ಚಿದ್ದೇ ತೆರೆದುಕೊಂಡಿದ್ದು.

ಇನ್ನು ಕೊಂಡಿಗಳ ವಿಷಯ. ದುಬೈನ ಬ್ರೇಸ್‌ಲೆಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಲಾಬ್‌ಸ್ಟರ್ ಲಾಕ್, ಏಡಿಯ ಕೈಯಂತೆ ಬಾಗಿರುವುದು. ಇದರೊಳಗೆ ಒಂದು ಚಿಕ್ಕ ಸ್ಪ್ರಿಂಗ್ ಇದೆ. ಚಿನ್ನ ಮೆದು, ಅದರಿಂದ ಒಳ್ಳೆಯ ಸ್ಪ್ರಿಂಗ್ ಆಗುವುದಿಲ್ಲ. ಹಾಗಾಗಿ ಒಳಗಿನದು ಸಾಮಾನ್ಯವಾಗಿ ಉಕ್ಕಿನದು. ನಮ್ಮ ಕರಾವಳಿಯಲ್ಲಿ ಉಕ್ಕಿಗೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ಮನೆಯ ಕಿಟಕಿಯ ಸರಳು ನೋಡಿದರೆ ಸಾಕು. ಸಮುದ್ರದ ನೀರು, ಬೆವರು, ಒಂದೆರಡು ಮರಳಿನ ಕಣ ಒಳಗೆ ಹೋದರೆ ಸ್ಪ್ರಿಂಗ್ ನಿಧಾನವಾಗುತ್ತದೆ. ಬೆರಳಿನಿಂದ ಎಳೆದು ಬಿಟ್ಟಾಗ ಅದು ತಟ್ಟನೆ ಮುಚ್ಚಬೇಕು. ಅರ್ಧಕ್ಕೆ ನಿಂತರೆ ಹೊಸ ಕೊಂಡಿ ಹಾಕಿಸಿ, ಅದು ದುಬಾರಿ ಕೆಲಸವಲ್ಲ. ಬೆಸುಗೆಯ ಬೆಂಕಿ ಸ್ಪ್ರಿಂಗ್‌ಗೆ ತಾಗಿದರೆ ಅದರ ಬಿಗಿ ಹೋಗುತ್ತದೆ. ತಿಳಿದ ಸೊನಗಾರರು ಕೊಂಡಿಗೆ ಬಿಸಿ ತಾಗದಂತೆ ರಿಂಗ್‌ಗೆ ಮಾತ್ರ ಬೆಸುಗೆ ಹಾಕುತ್ತಾರೆ.

ಅಗಲವಾದ ಬ್ರೇಸ್‌ಲೆಟ್‌ಗಳಿಗೆ ಬಾಕ್ಸ್ ಲಾಕ್ ಇರುತ್ತದೆ. ಮಡಚಿದ ತಗಡಿನ ನಾಲಿಗೆಯೊಂದು ಪೆಟ್ಟಿಗೆಯೊಳಗೆ ಹೋಗಿ ‘ಟಿಕ್’ ಎನ್ನುತ್ತದೆ. ಒತ್ತಿ ಒತ್ತಿ ಆ ನಾಲಿಗೆ ಚಪ್ಪಟೆಯಾದರೆ ಶಬ್ದ ಬರುವುದಿಲ್ಲ. ಶಬ್ದ ಬರದ ದಿನ ಹಾಕಿಕೊಳ್ಳಬೇಡಿ. ಅಮ್ಮಿಯ ಹಳೆಯ 22 ಕ್ಯಾರೆಟ್ ಬ್ರೇಸ್‌ಲೆಟ್‌ನಲ್ಲಿ ಎಸ್ ಕೊಂಡಿ ಇದೆ, ಅದರಲ್ಲಿ ಸ್ಪ್ರಿಂಗೂ ಇಲ್ಲ ನಾಲಿಗೆಯೂ ಇಲ್ಲ. ನೂರಕ್ಕೆ 91.6 ಪಾಲು ಚಿನ್ನವಿರುವುದರಿಂದ ಕೈಯಲ್ಲೇ ಬಗ್ಗುವಷ್ಟು ಮೆದು. ಬಗ್ಗಿಸಿ ಮುಚ್ಚುವುದು ಸುಲಭ, ತಾನಾಗಿ ಬಿಚ್ಚಿಕೊಳ್ಳುವುದೂ ಅಷ್ಟೇ ಸುಲಭ.

ತಿರುಪಿನ ಕಥೆ ಬೇರೆ. ಕಿವಿಯೋಲೆಯ ತಿರುಪು ಕಳೆದುಕೊಳ್ಳದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಜಗತ್ತಿನ ಬಹಳ ದುಬಾರಿ ಬ್ರೇಸ್‌ಲೆಟ್ ಒಂದಕ್ಕೂ ತಿರುಪೇ ಆಧಾರ ಎಂದು ಓದಿದಾಗ ನನಗೆ ನಗು ಬಂತು. ಕಾರ್ಟಿಯೇ ಕಂಪನಿಯ ‘ಲವ್’ ಬ್ರೇಸ್‌ಲೆಟ್ ಅದು. 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಆಲ್ಡೋ ಚಿಪುಲ್ಲೋ ಎಂಬ ವಿನ್ಯಾಸಕಾರ ರೂಪಿಸಿದ್ದು. ಎರಡು ಅರ್ಧ ಬಳೆಗಳನ್ನು ಕೈಗೆ ಇಟ್ಟು ತಿರುಪು ಬಿಗಿಯಬೇಕು, ಅದಕ್ಕೆಂದೇ ಒಂದು ಪುಟ್ಟ ಸ್ಕ್ರೂಡ್ರೈವರ್ ಜೊತೆಗೆ ಕೊಡುತ್ತಾರೆ. ಒಬ್ಬರೇ ಹಾಕಿಕೊಳ್ಳುವುದು ಕಷ್ಟ, ಇನ್ನೊಬ್ಬರು ಬೇಕು. ಲಕ್ಷಗಟ್ಟಲೆ ಬೆಲೆಯಾದರೂ ತಿರುಪಿನ ಗುಣ ಬದಲಾಗುವುದಿಲ್ಲ. ಕೈ ಅಲುಗಾಡಿದಂತೆ ಅದು ಸಡಿಲವಾಗುತ್ತದೆ, ಆಗಾಗ ಬಿಗಿಯಬೇಕು. ನಮ್ಮ ತಿರುಪಿನ ಬಳೆಗೂ ಇದೇ ನಿಯಮ.

ದಿನನಿತ್ಯ ಕೊಂಡಿಗೆ ಎಷ್ಟು ಕೆಲಸ ಬೀಳುತ್ತದೆ ಎಂದು ನಾವು ಯೋಚಿಸುವುದಿಲ್ಲ. ವಜೂ ಮಾಡುವಾಗ ನೀರು ಕೆಳಗೆ ತಲುಪಲಿ ಎಂದು ಬ್ರೇಸ್‌ಲೆಟ್ ಅನ್ನು ತಿರುಗಿಸಿ ಮೇಲಕ್ಕೆ ಸರಿಸುತ್ತೇವೆ. ದಿನಕ್ಕೆ ಐದು ಸಲ ಎಂದರೆ ವರ್ಷಕ್ಕೆ 1,825 ಸಲ. ಸರಿಸುವಾಗ ಕೊಂಡಿಯನ್ನು ಹಿಡಿದು ಎಳೆಯಬೇಡಿ, ಸರಪಳಿಯನ್ನು ಹಿಡಿಯಿರಿ. ಸಡಿಲ ಬ್ರೇಸ್‌ಲೆಟ್ ಮೇಜಿಗೆ ಬಡಿಯುತ್ತದೆ, ಬಿಗಿಯಾದದ್ದು ಕೈ ಮಡಚಿದಾಗಲೆಲ್ಲ ರಿಂಗ್ ಅನ್ನು ಎಳೆಯುತ್ತದೆ. ಒಂದು ಬೆರಳು ಒಳಗೆ ಹೋಗುವಷ್ಟು ಜಾಗ ಸಾಕು. ಕೆಲಸ ಮಾಡುವ ಕೈಗೆ ಬೇಡ, ವಾಚ್ ಇರುವ ಕೈಗೂ ಬೇಡ. ಹಿಟ್ಟು ನಾದುವಾಗ, ಮೀನು ತೊಳೆಯುವಾಗ, ಪಾತ್ರೆ ಉಜ್ಜುವಾಗ ತೆಗೆದಿಡಿ. ಆದರೆ ಸಿಂಕಿನ ಅಂಚಿನಲ್ಲಿ ಇಡಬೇಡಿ! ಬುರ್ಖಾ ಹಾಕುವಾಗ ಮೊದಲು ತೋಳು, ಆಮೇಲೆ ಬ್ರೇಸ್‌ಲೆಟ್. ತೆಗೆಯುವಾಗ ಮೊದಲು ಬ್ರೇಸ್‌ಲೆಟ್. ಬೀಚಿಗಂತೂ ಬೇಡವೇ ಬೇಡ. ಕಾಲೇಜಿಗೆ ಹಾಕಿಕೊಂಡು ಬರಲು ಮೇಡಂ ಹೇಗೂ ಬಿಡುವುದಿಲ್ಲ, ಆ ಚಿಂತೆ ಇಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಕೊಂಡಿ ಕೈಕೊಡಬಹುದು. ಅದಕ್ಕೇ ಸೇಫ್ಟಿ ಚೈನ್. ಎರಡು ತುದಿಗಳನ್ನೂ ಜೋಡಿಸುವ ತೆಳುವಾದ ಚಿಕ್ಕ ಸರಪಳಿ ಅದು. ಕೊಂಡಿ ಬಿಚ್ಚಿದರೂ ಬ್ರೇಸ್‌ಲೆಟ್ ಕೈಯಲ್ಲೇ ನೇತಾಡುತ್ತದೆ. ಆದರೆ ಅದನ್ನು ಕೊಂಡಿಯ ಅದೇ ರಿಂಗ್‌ಗೆ ಹಾಕಿಸಬಾರದು, ಸರಪಳಿಯ ಬೇರೆ ಕಡಿಗೆ ಹಾಕಿಸಬೇಕು. ಇಲ್ಲದಿದ್ದರೆ ಆ ರಿಂಗ್ ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಸೊನಗಾರರು ಇದನ್ನು ಹೇಳದಿದ್ದರೆ ನಮಗೆ ಹೊಳೆಯುತ್ತಿರಲಿಲ್ಲ. ಅಕೌಂಟೆನ್ಸಿ ಓದುವವರಿಗೆ ಒಂದು ಪ್ರಶ್ನೆ: ರಿಂಗ್ ಬೆಸುಗೆಯ ಖರ್ಚು ರೆವೆನ್ಯೂ, ಸೇಫ್ಟಿ ಚೈನ್‌ನದು ಕ್ಯಾಪಿಟಲ್ ಎಂದು ನಾನು ಬರೆದುಕೊಂಡಿದ್ದೇನೆ. ಸರಿಯೇ?

ರಿಪೇರಿಗೆ ಕೊಡುವ ಮೊದಲು ನಿಮ್ಮ ಎದುರಿಗೇ ತೂಕ ಹಾಕಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ, ವಾಪಸ್ ತರುವಾಗ ಮತ್ತೆ ತೂಗಿಸಿ. ಎರಡೂ ಬದಿಯ ಫೋಟೋ ತೆಗೆದಿಡಿ. ಇಲ್ಲಿ ಕೊಂಡ ಒಡವೆಯಾದರೆ ಹಾಲ್‌ಮಾರ್ಕ್ ಜೊತೆ 6 ಅಂಕಿ-ಅಕ್ಷರಗಳ ಎಚ್‌ಯುಐಡಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಅದು ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಗಲ್ಫ್‌ನಿಂದ ತಂದದ್ದಕ್ಕೆ ಈ ಸಂಖ್ಯೆ ಇರುವುದಿಲ್ಲ, 750 ಅಥವಾ 916 ಎಂಬ ಮುದ್ರೆ ಮಾತ್ರ. ಹಾಗಾಗಿ ಅಲ್ಲಿನ ಅಂಗಡಿಯ ಬಿಲ್ಲನ್ನು ಎಸೆಯಬಾರದು. ಆಪಾಳ ಬಿಲ್ಲು ಹಳೆಯ ಸೂಟ್‌ಕೇಸಿನ ಜೇಬಿನಲ್ಲಿ ಸಿಕ್ಕಿತು.

ಬೆಸುಗೆಯೂ ಸೇಫ್ಟಿ ಚೈನೂ ಆದ ಮೇಲೆಯೇ ಆಪಾ ದುಲ್ಹಾಭಾಯಿಗೆ ಫೋನ್‌ನಲ್ಲಿ ನಡೆದದ್ದನ್ನು ಹೇಳಿದಳು. ಅವರು ಮೊದಲು ಕೇಳಿದ್ದು ಬುರ್ಖಾದ ಲೇಸ್ ಹರಿಯಿತೇ ಎಂದು. ಅಮ್ಮಿಯ ಎಸ್ ಕೊಂಡಿ ಇನ್ನೂ ಬಾಕಿ ಇದೆ, ಮುಂದಿನ ಸಲ ಕುಮಟಾಕ್ಕೆ ಹೋಗುವಾಗ ಒಯ್ಯಬೇಕು.