ಬಿಲ್ಲಿನ ಮೂರನೇ ಸಾಲು

ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಜ್ಯೂ ಟೌನ್ ಬೀದಿಗೆ ಬೆಳಿಗ್ಗೆ ಬೇಗ ಬಂದರೆ ಅಂಗಡಿಗಳು ಒಂದೊಂದಾಗಿ ಕದ ತೆರೆಯುವುದನ್ನು ನೋಡಬಹುದು. ಬೀದಿಯ ತುದಿಗೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್, ಅದರ ಗಡಿಯಾರದ ಗೋಪುರ. ಎರಡೂ ಮಗ್ಗುಲಲ್ಲಿ ಹಳೆಯ ಮರದ ಪೆಟ್ಟಿಗೆ, ಹಿತ್ತಾಳೆ ಪಾತ್ರೆ, ಮಸಾಲೆ ಪೊಟ್ಟಣ, ಶಾಲು ಮಾರುವವರು. ಪ್ರವಾಸಿಗಳು ಇನ್ನೂ ಬಂದಿರಲಿಲ್ಲ. ಕಸ ಗುಡಿಸಿದ ಪೊರಕೆಯ ಗೆರೆಗಳು ನೆಲದ ಮೇಲೆ ಹಾಗೇ ಇದ್ದವು; ಗುಡಿಸಿದವರು ಆಗಲೇ ಮುಂದಿನ ಓಣಿ ಸೇರಿದ್ದರು. ಅವರ ಕೂಲಿ ಎಲ್ಲಿಂದ ಬರುತ್ತದೆ? ದಿನವಿಡೀ ಇಷ್ಟೊಂದು ವ್ಯಾಪಾರ ನಡೆಯುವ ಜಾಗದಲ್ಲಿ, ಮಾರಾಟದ ಮೇಲಿನ ತೆರಿಗೆಯಲ್ಲಿ ಊರಿನ ಪಾಲೆಷ್ಟು? ಇದನ್ನು ಅಂಗಡಿಯಿಂದ ಅಂಗಡಿಗೆ ನಡೆದೇ ತಿಳಿದುಕೊಳ್ಳೋಣವೆಂದು ಹೊರಟೆ.

ಮೊದಲು ಹೊಕ್ಕಿದ್ದು ಹಿತ್ತಾಳೆ ಸಾಮಾನಿನ ಒಂದು ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲಿ, ಎರಡು ಕಾಗದಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಒಂದು ಜಿಎಸ್‌ಟಿ ನೋಂದಣಿ ಪತ್ರ. ಅದನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂಬುದು ನಿಯಮ. ಇನ್ನೊಂದು ನಗರಪಾಲಿಕೆಯ ವ್ಯಾಪಾರ ಪರವಾನಗಿ. ಮೊದಲನೆಯದರಿಂದ ಕೇಂದ್ರ, ರಾಜ್ಯಗಳಿಗೆ ವ್ಯಾಪಾರ ಬೆಳೆದಂತೆ ಬೆಳೆಯುವ ಆದಾಯ. ಎರಡನೆಯದಕ್ಕೆ ಕಟ್ಟುವುದು ಗೊತ್ತುಪಡಿಸಿದ ಶುಲ್ಕ. ಅದರ ಜೊತೆಗೆ ನಗರಪಾಲಿಕೆಗೆ ಕಟ್ಟಡ ತೆರಿಗೆಯಿದೆ, ವೃತ್ತಿ ತೆರಿಗೆಯಿದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ; ಕೇರಳದಲ್ಲಿ ಆರು ತಿಂಗಳಿಗೊಮ್ಮೆ ಸ್ಥಳೀಯ ಸಂಸ್ಥೆಯೇ ವಸೂಲಿ ಮಾಡುತ್ತದೆ. ಇದು ಒಳ್ಳೆಯದೇ. ಆದರೆ ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ಪಡೆಯಲು ಬಿಡುವುದಿಲ್ಲ. ಆ ಮಿತಿ ನಿಗದಿಯಾಗಿದ್ದು 1988ರಲ್ಲಿ. ಅಂದಿನ ಬೆಲೆಗಳನ್ನು ನೆನೆದರೆ ಈ ಮೊತ್ತ ಇಂದಿಗೆ ಎಷ್ಟು ಸವೆದಿದೆ ಎಂದು ಯಾರಿಗಾದರೂ ಹೊಳೆಯುತ್ತದೆ.

ನನ್ನ ಅರೆಬರೆ ಮಲಯಾಳ ಕೇಳಿ ಅಂಗಡಿಯ ಹಿರಿಯರು ಊರು ಯಾವುದೆಂದು ವಿಚಾರಿಸಿದರು. ಅವರ ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ನೆಂಟರಿರುವುದರಿಂದ ಕನ್ನಡವೂ ಬರುತ್ತಿತ್ತು. ತೆರಿಗೆಯ ಮಾತೆತ್ತಿದಾಗ, “ನಮ್ಮ ಬಿಲ್ಲಿನಲ್ಲಿ ಎರಡು ವರ್ಷ ಮೂರನೇ ಸಾಲೊಂದು ಇತ್ತು, ನಿಮಗೆ ಗೊತ್ತುಂಟಾ?” ಎನ್ನುತ್ತ ಕಪಾಟಿನಿಂದ ಹಳೆಯ ಬಿಲ್ ಪುಸ್ತಕ ತೆಗೆದರು. 2021ರ ಆರಂಭದ ಒಂದು ಬಿಲ್ಲು. ಹಿತ್ತಾಳೆ ತಟ್ಟೆಯೊಂದಕ್ಕೆ ಕೇಂದ್ರದ ಪಾಲು ನೂರಕ್ಕೆ 6, ರಾಜ್ಯದ ಪಾಲು 6, ಅದರ ಕೆಳಗೆ ಪ್ರಳಯ ಸೆಸ್ 1.

2018ರ ನೆರೆ ಕೇರಳವನ್ನು ಮುರಿದು ಹಾಕಿದ ಮೇಲೆ ಮರಳಿ ಕಟ್ಟುವ ಖರ್ಚಿಗೆಂದು ಬಂದ ಸೆಸ್ ಇದು. ಜಿಎಸ್‌ಟಿ ಬಂದ ಮೇಲೆ ಒಂದು ರಾಜ್ಯ ತನ್ನಷ್ಟಕ್ಕೆ ಮಾರಾಟದ ಮೇಲೆ ಹೊಸ ತೆರಿಗೆ ಹಾಕುವಂತಿಲ್ಲ. ಆದರೆ ಪ್ರಕೃತಿ ವಿಕೋಪದ ಹೊತ್ತಿನಲ್ಲಿ, ನಿರ್ದಿಷ್ಟ ಅವಧಿಗೆ, ವಿಶೇಷ ದರಕ್ಕೆ ಸಂವಿಧಾನದಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ. 2019ರ ಜನವರಿಯಲ್ಲಿ ಜಿಎಸ್‌ಟಿ ಮಂಡಳಿ ಒಪ್ಪಿತು. 2019ರ ಆಗಸ್ಟ್ 1ರಿಂದ ಸೆಸ್ ಜಾರಿಗೆ ಬಂತು. ರಾಜ್ಯದೊಳಗೆ ಕೊನೆಯ ಗ್ರಾಹಕರಿಗೆ ಮಾರಿದ್ದಕ್ಕೆ ಮಾತ್ರ. ನೂರಕ್ಕೆ 5ರ ದರದ ಸರಕುಗಳಿಗೆ ವಿನಾಯಿತಿ, ಚಿನ್ನಕ್ಕೆ ಕಾಲು ಶೇಕಡ. 2021ರ ಜುಲೈ 31ಕ್ಕೆ ಎರಡು ವರ್ಷ ತುಂಬಿತು, ಸೆಸ್ ನಿಂತಿತು. ಹಿರಿಯರು ಆಗಸ್ಟ್ ತಿಂಗಳ ಬಿಲ್ಲು ಹುಡುಕಿ ತೋರಿಸಿದರು. ಅಲ್ಲಿ ಎರಡೇ ಸಾಲು. “ಹೇಳಿದ ದಿನಕ್ಕೆ ನಿಲ್ಲಿಸಿದರು ನೋಡಿ,” ಎಂದರು. ಆ ಮಾತಿನಲ್ಲಿದ್ದ ಸಮಾಧಾನವನ್ನು ನಾನು ಮುಂದಿನ ದಾರಿಯುದ್ದಕ್ಕೂ ತೂಗಿ ನೋಡುತ್ತಿದ್ದೆ.

ಅಲ್ಲಿಂದ ಹೊರಬಂದು ಜೆಟ್ಟಿಯ ಪಕ್ಕದಿಂದ ಬಜಾರ್ ರಸ್ತೆ ಹಿಡಿದೆ. ಇಲ್ಲಿ ಪ್ರವಾಸಿಗಳು ತೆಳುವಾಗುತ್ತಾರೆ, ಲಾರಿಗಳು ದಟ್ಟವಾಗುತ್ತವೆ. ಒಂದು ಬದಿಯ ಪಾಂಡಿಕಶಾಲೆಗಳ ಬೆನ್ನು ಹಿನ್ನೀರಿಗೆ ತಾಗಿದೆ. ಮಂಗಳೂರಿನ ಬಂದರು ಪ್ರದೇಶದ ಹಳೆಯ ಬಂಡಸಾಲೆಗಳನ್ನು ಕಂಡವರಿಗೆ ಈ ಕಟ್ಟಡಗಳು ಅಪರಿಚಿತ ಅನಿಸುವುದಿಲ್ಲ: ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ಮುಂದೆ ಬೀದಿಗೆ ಒಂದು ಬಾಗಿಲು, ಹಿಂದೆ ನೀರಿಗೆ ಒಂದು ಬಾಗಿಲು. ತೆರೆದಿದ್ದ ಒಂದರ ಒಳಗೆ ಇಣುಕಿದೆ. ಅಂಗಳದಲ್ಲಿ ಶುಂಠಿ ಒಣಹಾಕಿದ್ದರು. ಹಮಾಲರು ಕರಿಮೆಣಸಿನ ಚೀಲಗಳನ್ನು ತೂಕದ ಯಂತ್ರದ ಮೇಲಿಟ್ಟು ಇಳಿಸುತ್ತಿದ್ದರು. ಮೆಣಸು ಎಲ್ಲಿಯದೆಂದು ಕೇಳಿದೆ, ಕೊಡಗಿನದು ಎಂದರು. ಅಚ್ಚರಿಯೇನಲ್ಲ, ಈಗ ದೇಶದಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವ ರಾಜ್ಯ ಕರ್ನಾಟಕವೇ.

ಈ ಚೀಲಗಳ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತ ನಿಂತೆ. ಒಣ ಮೆಣಸಿಗೆ ಜಿಎಸ್‌ಟಿ ನೂರಕ್ಕೆ 5. ಸಾವಿರ ರೂಪಾಯಿಯ ಮೆಣಸನ್ನು ಇಲ್ಲೇ ಚಿಲ್ಲರೆಯಾಗಿ ಮಾರಿದರೆ ಕೇಂದ್ರಕ್ಕೆ 25, ಕೇರಳಕ್ಕೆ 25. ಅದೇ ಮೆಣಸು ಬೆಂಗಳೂರಿನ ಅಂಗಡಿಗೆ ಹೋಗಿ ಬಿಕರಿಯಾದರೆ ರಾಜ್ಯದ ಪಾಲು ಕರ್ನಾಟಕಕ್ಕೆ ಸೇರುತ್ತದೆ, ಏಕೆಂದರೆ ಜಿಎಸ್‌ಟಿ ಹೋಗುವುದು ಸರಕನ್ನು ಬಳಸುವ ರಾಜ್ಯಕ್ಕೆ. ಹಡಗು ಹತ್ತಿದರೆ ರಫ್ತಿನ ಮೇಲೆ ತೆರಿಗೆಯೇ ಇಲ್ಲ. ಯಾವ ದಾರಿಯಲ್ಲಿ ಹೋದರೂ ಚೀಲ ಇಳಿಸಿದ ಬೀದಿಗೆ ನೇರವಾಗಿ ಬರುವುದು ಸೊನ್ನೆ. ಹೊಂಡ ಬೀಳುವುದು ಇಲ್ಲಿನ ರಸ್ತೆಗೆ, ಕಟ್ಟಿಕೊಳ್ಳುವುದು ಇಲ್ಲಿನ ಚರಂಡಿ. ರಾಜ್ಯ ಸರ್ಕಾರ ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ಉದ್ದೇಶದ ನಿಧಿ ಎಂದು ಮೂರು ಬಗೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹಣ ಹಂಚುತ್ತದೆ ಎನ್ನುವುದು ನಿಜ. ಆದರೆ ಅದು ಮೇಲಿನಿಂದ ಇಳಿದು ಬರುವ ಹಣ. ಬಿಲ್ಲು ಹಿಡಿದುಕೊಂಡ ಗ್ರಾಹಕನಿಗೂ ತನ್ನೆದುರಿನ ಚರಂಡಿಗೂ ನಡುವೆ ಅದು ಯಾವ ನಂಟನ್ನೂ ಉಳಿಸುವುದಿಲ್ಲ.

ಹಿಂದೆ ಊರುಗಳಿಗೆ ಇಂಥ ನಂಟೊಂದಿತ್ತು. ಊರ ಬಾಗಿಲಲ್ಲೇ ಆಕ್ಟ್ರಾಯ್ ಎಂಬ ಸುಂಕ ಕಟ್ಟಿ ಸರಕು ಒಳಗೆ ಬರಬೇಕಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಸುಂಕದ ನಾಕೆಯಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು, ಲಂಚ ಕೈ ಬದಲಿಸುತ್ತಿತ್ತು. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ಕೈಬಿಟ್ಟು ಪ್ರವೇಶ ತೆರಿಗೆ ತಂದಿತು. ಮುಂಬೈ ಮಹಾನಗರ ಮಾತ್ರ 2017ರಲ್ಲಿ ಜಿಎಸ್‌ಟಿ ಬರುವವರೆಗೂ ಅದನ್ನು ಬಿಡಲಿಲ್ಲ. ಆ ನಾಕೆಗಳು ಮರಳಿ ಬರಲೆಂದು ನಾನು ಬಯಸುವುದಿಲ್ಲ. ಈ ಬಜಾರ್ ರಸ್ತೆಯೇ ಫೋರ್ಟ್ ಕೊಚ್ಚಿಯ ಕಡೆ ಸಾಗುವಾಗ 1947ರವರೆಗೆ ಎರಡು ಆಡಳಿತಗಳ ಗಡಿ ದಾಟುತ್ತಿತ್ತು: ಈಚೆ ಕೊಚ್ಚಿ ರಾಜರ ನಾಡು, ಆಚೆ ಬ್ರಿಟಿಷರದು. ಬ್ರಿಟಿಷ್ ಸರ್ಕಾರ, ತಿರುವಾಂಕೂರು, ಕೊಚ್ಚಿ ಮೂವರೂ ಸೇರಿ ಪರಸ್ಪರ ವ್ಯಾಪಾರದ ಸುಂಕಗಳ ತೊಡಕನ್ನು ಬಿಡಿಸಿಕೊಳ್ಳಲು 1865ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಗಡಿ ಎಲ್ಲಿತ್ತೆಂದು ನೋಡುತ್ತ ನಡೆದೆ; ನನ್ನ ಕಣ್ಣಿಗೆ ಯಾವ ಗುರುತೂ ಬೀಳಲಿಲ್ಲ.

ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದನ್ನು ಹಿಡಿದೆ. ಎರಡು ಹೆಜ್ಜೆ ಅಗಲ. ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು, ಬಾಗಿಲ ಮುಂದೆಯೇ ಕಲ್ಲುಚಪ್ಪಡಿ ಮುಚ್ಚಿದ ಚರಂಡಿ. ಹಸಿರು ಮೇಲಂಗಿ ತೊಟ್ಟ ಇಬ್ಬರು ಹೆಂಗಸರು ಮನೆಮನೆಯಿಂದ ಪ್ಲಾಸ್ಟಿಕ್ ಪಡೆದು ಚೀಲಕ್ಕೆ ತುಂಬುತ್ತಿದ್ದರು. ಈ ಸೇವೆಗೆ ಪ್ರತಿ ಮನೆ, ಪ್ರತಿ ಅಂಗಡಿ ತಿಂಗಳ ಶುಲ್ಕ ಕೊಡಬೇಕು. ಪಕ್ಕದ ದಿನಸಿ ಅಂಗಡಿಯಲ್ಲಿ ಒಬ್ಬ ತಾಯಿ ಅಕ್ಕಿ, ಸೋಪು, ಒಂದು ಸಣ್ಣ ಎಣ್ಣೆ ಪ್ಯಾಕೆಟ್ ಕೊಳ್ಳುತ್ತಿದ್ದರು. ಅವರನ್ನು ಕಂಡಾಗ ನನ್ನ ಯೋಚನೆ ತುಸು ತಡವರಿಸಿತು. ಜ್ಯೂ ಟೌನ್‌ನಲ್ಲಿ ಹಿತ್ತಾಳೆ ತಟ್ಟೆ ಕೊಳ್ಳುವ ಪ್ರವಾಸಿ ಈ ಊರಿನ ರಸ್ತೆ, ಶೌಚಾಲಯ, ಬೀದಿದೀಪ ಎಲ್ಲವನ್ನೂ ಬಳಸುತ್ತಾನೆ. ಕಟ್ಟಡ ತೆರಿಗೆ ಕಟ್ಟುವವನಲ್ಲ. ಅವನಿಂದ ಬಿಲ್ಲಿನ ಮೇಲೆ ಒಂದು ರೂಪಾಯಿ ಪಡೆಯುವುದು ನ್ಯಾಯವೇ. ಆದರೆ ಮಾರಾಟ ತೆರಿಗೆ ಮುಖ ನೋಡುವುದಿಲ್ಲ. ಪ್ರಳಯ ಸೆಸ್ ಅಕ್ಕಿಯನ್ನು ಬಿಟ್ಟಿತ್ತು. ಆಗ 18ರ ದರದಲ್ಲಿದ್ದ ಸ್ನಾನದ ಸೋಪನ್ನು ಬಿಡಲಿಲ್ಲ. ಊರಿಗೊಂದು ಸೆಸ್ ಹಾಕುವುದಾದರೆ ಯಾವ ವಸ್ತುವಿಗೆ ಎಂಬ ಪಟ್ಟಿಯನ್ನು ಈ ಓಣಿಯಲ್ಲಿ ನಿಂತು ಬರೆಯಬೇಕು ಎನಿಸಿತು.

ಓಣಿ ಸುತ್ತಿ ಬಂದು ಕಲ್ವತ್ತಿ ಕಾಲುವೆಯ ದಂಡೆಗೆ ತಲುಪಿದೆ. ನೀರು ಕಪ್ಪಗಿತ್ತು, ಅಂಚಿನಲ್ಲಿ ಪ್ಲಾಸ್ಟಿಕ್ ತೇಲುತ್ತಿತ್ತು. ಸಮುದ್ರ ಉಬ್ಬಿದಾಗ ಈ ಕಾಲುವೆಗಳ ನೀರೇ ಹಿಂದಕ್ಕೆ ಒತ್ತುತ್ತದೆ. ಆಗ ಮಳೆ ಬಂದರೆ ಚರಂಡಿಗೆ ಹರಿಯಲು ಜಾಗವಿಲ್ಲ. ಹೂಳೆತ್ತುವುದು ವರ್ಷವರ್ಷದ ಕೆಲಸ, ಒಮ್ಮೆ ಬಂದ ಅನುದಾನದಲ್ಲಿ ತೀರುವುದಲ್ಲ. ಕಸದ ನಿರ್ವಹಣೆ ಹದ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಕೊಚ್ಚಿ 2023ರ ಮಾರ್ಚ್‌ನಲ್ಲಿ ಕಂಡಿದೆ. ಬ್ರಹ್ಮಪುರಂನ ಕಸದ ರಾಶಿಗೆ ಹತ್ತಿದ ಬೆಂಕಿಯ ಹೊಗೆಯನ್ನು ನಗರ ದಿನಗಟ್ಟಲೆ ಕುಡಿಯಿತು. 1967ರವರೆಗೆ ಮಟ್ಟಾಂಚೇರಿಗೆ ತನ್ನದೇ ಪುರಸಭೆಯಿತ್ತು. ಎರ್ನಾಕುಲಂ, ಫೋರ್ಟ್ ಕೊಚ್ಚಿಗಳ ಜೊತೆ ಸೇರಿ ಮಹಾನಗರಪಾಲಿಕೆಯಾದ ಮೇಲೆ ಇಲ್ಲಿನ ಚರಂಡಿಯೂ ದೊಡ್ಡ ಲೆಕ್ಕಪುಸ್ತಕದ ಒಂದು ಮೂಲೆಗೆ ಸೇರಿತು.

ಕಾಲುವೆ ನೋಡುತ್ತಿದ್ದಾಗ ಅಮೆರಿಕದ ಓಕ್ಲಹೋಮಾ ಸಿಟಿ ನೆನಪಾಯಿತು. ಅಲ್ಲಿನ ಜನ 1993ರಲ್ಲಿ ಮತ ಹಾಕಿ, ಡಾಲರಿಗೆ ಒಂದು ಸೆಂಟಿನ ಊರ ತೆರಿಗೆಯನ್ನು ಐದು ವರ್ಷಕ್ಕೆ ಒಪ್ಪಿಕೊಂಡರು. ಮಾಡಬೇಕಾದ ಕೆಲಸಗಳ ಪಟ್ಟಿ ಮೊದಲೇ ಜನರ ಕೈಯಲ್ಲಿತ್ತು. ಅದರಲ್ಲಿ ಒಂದು ಕಾಲುವೆಯೂ ಇತ್ತು. ಹಣ ಸಾಲದೆ ಬಂದಾಗ 1998ರಲ್ಲಿ ಮತ್ತೆ ಮತಕ್ಕೆ ಹೋಗಿ ಆರು ತಿಂಗಳು ಮುಂದುವರಿಸಲು ಒಪ್ಪಿಗೆ ಪಡೆದರು. ನಮ್ಮಲ್ಲೂ ಅವಧಿ ಬೆಳೆಸಿದ ಸೆಸ್ ಒಂದಿತ್ತು. ಜಿಎಸ್‌ಟಿಯಿಂದ ರಾಜ್ಯಗಳಿಗಾಗುವ ನಷ್ಟ ತುಂಬಲೆಂದು ಐದು ವರ್ಷಕ್ಕೆ ಬಂದ ಪರಿಹಾರ ಸೆಸ್ 2022ರ ಜೂನ್‌ಗೆ ಮುಗಿಯಬೇಕಿತ್ತು; ಕೋವಿಡ್ ಕಾಲದ ಸಾಲ ತೀರಿಸಲು ಅದನ್ನು 2026ರ ಮಾರ್ಚ್‌ವರೆಗೆ ಬೆಳೆಸಲಾಯಿತು. ಕಾರಣ ಸರಿಯಾದದ್ದೇ ಇರಬಹುದು. ಆದರೆ ಕೊಳ್ಳುವವರನ್ನು ಯಾರೂ ಕೇಳಲಿಲ್ಲ.

ಇಂದಿನ ಕಾನೂನಿನಲ್ಲಿ ಕೊಚ್ಚಿಗಾಗಲಿ ಮಂಗಳೂರಿಗಾಗಲಿ ಇಂಥ ತೆರಿಗೆ ಹಾಕುವ ಅಧಿಕಾರವಿಲ್ಲ. ನೆರೆ ಬಂದರೆ ಕಿಂಡಿ ತೆರೆಯುತ್ತದೆ, ದಿನನಿತ್ಯದ ಚರಂಡಿಗೆ ತೆರೆಯುವುದಿಲ್ಲ. ಚರಂಡಿ ಕಟ್ಟಿಕೊಂಡೇ ಬೀದಿಗೆ ನೆರೆ ಬರುತ್ತದೆ ಎಂಬುದನ್ನು ಕಂಡವರಿಗೆ ಈ ಭೇದ ಸರಿಯೆನಿಸುವುದು ಕಷ್ಟ. ನಗರಗಳಿಗೆ ಜಿಎಸ್‌ಟಿಯಲ್ಲೇ ನೇರ ಪಾಲು ಕೊಡಬೇಕೋ, ಮೂರನೇ ಸಾಲೊಂದಕ್ಕೆ ಅವಕಾಶ ಮಾಡಬೇಕೋ, ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಮೂರನೇ ಸಾಲೇ ಬರುವುದಾದರೆ ಅದು ಹೇಗಿರಬೇಕೆಂಬುದರಲ್ಲಿ ಮಾತ್ರ ಈ ನಡಿಗೆ ಅನುಮಾನ ಉಳಿಸಲಿಲ್ಲ. ಅದರಲ್ಲಿ ಊರಿನ ಹೆಸರಿರಲಿ, ಕೆಲಸದ ಹೆಸರಿರಲಿ, ಮುಗಿಯುವ ದಿನಾಂಕವಿರಲಿ. ಹಣ ಬೇರೆ ಖಾತೆಗೆ ಜಾರದಿರಲಿ, ಅದರ ಲೆಕ್ಕ ವಾರ್ಡು ಸಭೆಯ ಮುಂದೆ ಬರಲಿ. ಅವಧಿ ಮುಗಿದಾಗ ಹೂಳು ತೆಗೆದಿದ್ದರೆ ನಗರಪಾಲಿಕೆ ಅದೇ ಜನರ ಮುಂದೆ ನಿಂತು ಇನ್ನೆರಡು ವರ್ಷ ಕೇಳಲಿ. ತೆಗೆಯದಿದ್ದರೆ ಕೇಳುವ ಹಕ್ಕು ಅದಕ್ಕಿಲ್ಲ.