ಮೊಳದುದ್ದದ ಬಿಲ್ಲು, ಹಿಂಬದಿಯ ಕೌಂಟರು

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳಲೋ ಅಮೆರಿಕಕ್ಕೆ ಹೋಗಿ ಬಂದ ಹಿರಿಯರು ಅಲ್ಲಿನ ಮೆಡಿಕಲ್ ಶಾಪಿನ ಬಗ್ಗೆ ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತಾರೆ. ಅಂಗಡಿಯ ತುಂಬ ಔಷಧಿಗಿಂತ ಶಾಂಪೂ, ಚಾಕೊಲೇಟು, ಹಾಲಿನ ಡಬ್ಬ, ಹುಟ್ಟುಹಬ್ಬದ ಕಾರ್ಡುಗಳೇ ಹೆಚ್ಚು; ಮಾತ್ರೆ ಕೊಡುವ ಕೌಂಟರು ಬೇಕೆಂದರೆ ಇವನ್ನೆಲ್ಲ ದಾಟಿ ಹಿಂಬದಿಯ ಗೋಡೆಯವರೆಗೆ ನಡೆಯಬೇಕು. ಇನ್ನೊಂದು, ಒಂದು ಟೂತ್‌ಪೇಸ್ಟ್ ಕೊಂಡರೂ ಕೈಗೆ ಬರುವ ಬಿಲ್ಲು ಮೊಳದುದ್ದ. ಸಿವಿಎಸ್ ಅಂಗಡಿಯ ಬಿಲ್ಲಂತೂ ಇದಕ್ಕೇ ಹೆಸರುವಾಸಿ. ಕೊಂಡ ಸಾಮಾನಿನ ಲೆಕ್ಕ ಮೇಲಿನ ನಾಲ್ಕಾರು ಸಾಲಿಗೆ ಮುಗಿಯುತ್ತದೆ. ಅದರ ಕೆಳಗೆ ಇರುವುದೆಲ್ಲ ಕೂಪನ್ನು: ವಿಟಮಿನ್ ಮಾತ್ರೆಗೆ ಇಷ್ಟು ರಿಯಾಯಿತಿ, ಮುಖಕ್ಕೆ ಹಚ್ಚುವ ಕ್ರೀಮಿಗೆ ಅಷ್ಟು, ಇಂಥ ತಾರೀಖಿನೊಳಗೆ ಬಳಸಿ.

ಆ ಉದ್ದನೆಯ ಚೀಟಿಯಿಂದ ಸಿಗುವ ಉಳಿತಾಯ ಸುಳ್ಳಲ್ಲ, ಆದರೆ ಚಿಕ್ಕದು. ದೊಡ್ಡ ಉಳಿತಾಯ ಇರುವುದು ಹಿಂಬದಿಯ ಕೌಂಟರಿನಲ್ಲಿ, ಅದೂ ಬಾಯಿಬಿಟ್ಟು ಕೇಳಿದವರಿಗೆ. ಇದನ್ನು ಮೊದಲೇ ತಿಳಿಯದೆ ಎಷ್ಟೋ ತಂದೆತಾಯಂದಿರು ಬಿಪಿ ಮಾತ್ರೆಗೆ ಅನಗತ್ಯವಾಗಿ ದುಡ್ಡು ತೆರುತ್ತಾರೆ.

ಕೂಪನ್ನಿಗೂ ಔಷಧಿ ಅಂಗಡಿಗೂ ಇರುವ ನಂಟು ಹಳೆಯದು. 1886ರಲ್ಲಿ ಅಟ್ಲಾಂಟಾ ನಗರದ ಜೇಕಬ್ಸ್ ಫಾರ್ಮಸಿಯ ಸೋಡಾ ಕಟ್ಟೆಯಲ್ಲಿ ಲೋಟಕ್ಕೆ 5 ಸೆಂಟಿನಂತೆ ಕೋಕಾ-ಕೋಲಾ ಮಾರಾಟಕ್ಕೆ ಬಂತು. ಅದನ್ನು ತಯಾರಿಸಿದ ಜಾನ್ ಪೆಂಬರ್ಟನ್ ಔಷಧಿ ಮಾಡುತ್ತಿದ್ದವರು. ಆ ದಶಕ ಮುಗಿಯುವುದರೊಳಗೆ ಒಂದು ಲೋಟ ಪುಕ್ಕಟೆ ಎಂದು ಅಚ್ಚಾದ ಚೀಟಿಗಳು ಜನರ ಕೈ ಸೇರಿದವು. ಇಂದಿನ ಕೂಪನ್ನುಗಳಿಗೆ ಅದೇ ಮೂಲ ಎನ್ನುತ್ತಾರೆ. ಇಂದಿನ ದೊಡ್ಡ ಔಷಧಿ ಅಂಗಡಿಗಳು ಬಂದದ್ದು ಆಮೇಲೆ. ಚಾರ್ಲ್ಸ್ ವಾಲ್‌ಗ್ರೀನ್ ಷಿಕಾಗೊದಲ್ಲಿ ಅಂಗಡಿಯೊಂದನ್ನು ಕೊಂಡು ವಾಲ್‌ಗ್ರೀನ್ಸ್ ಶುರು ಮಾಡಿದ್ದು 1901ರಲ್ಲಿ. ಸಿವಿಎಸ್ ಹುಟ್ಟಿದ್ದು 1963ರಲ್ಲಿ, ಮ್ಯಾಸಚೂಸೆಟ್ಸ್‌ನ ಲೊವೆಲ್ ಎಂಬ ಊರಿನಲ್ಲಿ.

ಈಗ ಕಾಗದದ ಚೀಟಿಯ ಜೊತೆಗೆ ಸದಸ್ಯತ್ವವೂ ಬಂದಿದೆ. ಬಿಲ್ಲು ಹಾಕುವ ಮುನ್ನ ಅಂಗಡಿಯವರು ಫೋನ್ ನಂಬರ್ ಕೇಳುತ್ತಾರೆ. ಆ ನಂಬರೇ ಸದಸ್ಯತ್ವದ ಗುರುತು. ಕಪಾಟಿನ ಹಳದಿ ಚೀಟಿಯಲ್ಲಿ ತೋರಿಸಿದ ಕಡಿಮೆ ಬೆಲೆ ಎಷ್ಟೋ ಸಲ ಸದಸ್ಯರಿಗೆ ಮಾತ್ರ. ನಂಬರ್ ಕೊಡದವರು ಪೂರ್ತಿ ಬೆಲೆ ಕೊಟ್ಟು ಹೊರಬರುತ್ತಾರೆ. ಸಿವಿಎಸ್‌ನ ಎಕ್ಸ್‌ಟ್ರಾಕೇರ್ ಯೋಜನೆ 2001ರಿಂದ ದೇಶದಾದ್ಯಂತ ಇದೆ. ಕೊಂಡದ್ದರಲ್ಲಿ ಹೆಚ್ಚಿನವಕ್ಕೆ ಶೇ 2ರಷ್ಟು ಎಕ್ಸ್‌ಟ್ರಾಬಕ್ಸ್ ಎಂಬ ಹೆಸರಿನಲ್ಲಿ ಮರಳಿ ಬರುತ್ತದೆ. ವಾಲ್‌ಗ್ರೀನ್ಸ್ 2020ರಲ್ಲಿ ತನ್ನ ಹಳೆಯ ಯೋಜನೆಯನ್ನು ಬದಲಿಸಿ, ಸಾಮಾನ್ಯ ಖರೀದಿಗೆ ಶೇ 1, ತನ್ನದೇ ಬ್ರ್ಯಾಂಡಿನ ಸಾಮಾನಿಗೆ ಶೇ 5 ಎಂದು ಘೋಷಿಸಿತು. 100 ಡಾಲರ್ ಖರ್ಚು ಮಾಡಿದವರಿಗೆ ಒಂದೆರಡು ಡಾಲರ್ ಸಿಕ್ಕಿತು, ಅಷ್ಟೇ.

ಹಾಗಾದರೆ ಇದರಲ್ಲಿ ಲಾಭ ಮಾಡಿಕೊಳ್ಳುವವರು ಯಾರು? ಹೇಗಿದ್ದರೂ ಬೇಕಾದ ಸಾಮಾನಿಗೆ ಮಾತ್ರ ಇದನ್ನು ಬಳಸುವವರು. ಎಳೆಗೂಸಿರುವ ಮನೆಯನ್ನೇ ನೋಡಿ. ಡಯಪರ್ ವಾರವಾರವೂ ಬೇಕು. ಅದರ ಮೇಲೆ ಅಂಗಡಿಯ ವಾರದ ರಿಯಾಯಿತಿ ಇರುವಾಗ, ತಯಾರಿಸಿದ ಕಂಪನಿಯ ಕೂಪನ್ನನ್ನೂ ಅಂಗಡಿ ಕೊಟ್ಟ ಕೂಪನ್ನನ್ನೂ ಒಂದೇ ಬಿಲ್ಲಿಗೆ ಹಚ್ಚಬಹುದು. ಇಂತಿಷ್ಟು ಡಾಲರ್ ಮೊತ್ತ ದಾಟಿದರೆ ಇಂತಿಷ್ಟು ಎಕ್ಸ್‌ಟ್ರಾಬಕ್ಸ್ ಎಂಬ ಕೊಡುಗೆ ಅದೇ ವಾರ ಬಂದರೆ ಅದೂ ಸೇರಿಕೊಳ್ಳುತ್ತದೆ. ಮೂರೂ ಕೂಡಿದಾಗ ಬೆಲೆ ನಿಜಕ್ಕೂ ಇಳಿಯುತ್ತದೆ. ಆದರೆ ಒಂದು ಮಾತು: ಇಂಥ ಅಂಗಡಿಗಳಲ್ಲಿ ಕಪಾಟಿನ ಬೆಲೆ ವಾಲ್‌ಮಾರ್ಟ್, ಕಾಸ್ಟ್‌ಕೊಗಳಿಗಿಂತ ಹೆಚ್ಚೇ ಇರುತ್ತದೆ. ಒಂದೇ ಕೂಪನ್ನು ಹಚ್ಚಿ ಗೆದ್ದೆವೆಂದುಕೊಂಡರೆ, ಪಕ್ಕದ ರಸ್ತೆಯಲ್ಲಿ ಕೂಪನ್ನೇ ಇಲ್ಲದೆ ಸಿಗುವ ಬೆಲೆಗೆ ಬಂದು ನಿಂತಿರುತ್ತೇವೆ. ಎಕ್ಸ್‌ಟ್ರಾಬಕ್ಸ್‌ಗೆ ಅವಧಿಯೂ ಇದೆ. ಅದು ಮುಗಿಯುತ್ತದೆಂದು ಬೇಡದ ಲಿಪ್‌ಸ್ಟಿಕ್ ಕೊಂಡ ದಿನ ಉಳಿತಾಯವೆಲ್ಲ ಕರಗಿತು.

ಸಣ್ಣಪುಟ್ಟ ಔಷಧಿಗೆ ಕೂಪನ್ನಿಗಿಂತ ಒಳ್ಳೆಯ ದಾರಿ ಅಂಗಡಿಯ ಸ್ವಂತ ಬ್ರ್ಯಾಂಡು. ನಮ್ಮ ಪ್ಯಾರಾಸಿಟಮಾಲ್‌ಗೆ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ, ಟೈಲೆನಾಲ್ ಅದರ ಹೆಸರಾಂತ ಬ್ರ್ಯಾಂಡು. ಪಕ್ಕದಲ್ಲೇ ಅಂಗಡಿಯ ಹೆಸರಿನ ಡಬ್ಬಿ ಕಡಿಮೆ ಬೆಲೆಗೆ ಇರುತ್ತದೆ. ಎರಡನ್ನೂ ತಿರುಗಿಸಿ ಔಷಧಾಂಶದ ಹೆಸರು ಮತ್ತು ಮಿಲಿಗ್ರಾಂ ನೋಡಿ. ಎರಡೂ ಒಂದೇ ಆಗಿದ್ದರೆ ಕಡಿಮೆ ಬೆಲೆಯದನ್ನು ಧೈರ್ಯವಾಗಿ ತೆಗೆದುಕೊಳ್ಳಿ.

ಪಾಯಿಂಟುಗಳನ್ನು ಬ್ಯಾಂಕಿನ ಠೇವಣಿಯಂತೆ ಕೂಡಿಡುವವರಿಗೆ ರೈಟ್ ಏಡ್ ದೊಡ್ಡ ಪಾಠ. 1962ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಶುರುವಾದ ಈ ಔಷಧಿ ಅಂಗಡಿಗಳ ಸಂಸ್ಥೆ 2023ರಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಹೊಸ ಪಾಯಿಂಟು ಕೊಡುವುದನ್ನು ನಿಲ್ಲಿಸಿತು, ಗಿಫ್ಟ್ ಕಾರ್ಡುಗಳನ್ನೂ ಒಪ್ಪದಾಯಿತು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಉಳಿದಿದ್ದ ಅಂಗಡಿಗಳೂ ಬಾಗಿಲು ಮುಚ್ಚಿದವು.

ಇನ್ನು ಹಿಂಬದಿಯ ಕೌಂಟರಿಗೆ ಬರೋಣ. ನಮ್ಮಲ್ಲಿ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಾಗಿಲ್ಲ. ‘ಎಲ್ಲ ಔಷಧಿಗೂ ರಿಯಾಯಿತಿ’ ಎಂದು ಬೋರ್ಡು ಹಾಕಿದ ಅಂಗಡಿಯೂ ಆ ಅಂಕಿಯಿಂದಲೇ ಕಳೆಯಬೇಕು. ಅಮೆರಿಕದಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಮಾತ್ರೆ ಹೆಚ್ಚಾಗಿ ಸ್ಟ್ರಿಪ್ಪಿನಲ್ಲೇ ಬರುವುದಿಲ್ಲ. ದೊಡ್ಡ ಡಬ್ಬದಿಂದ ಎಣಿಸಿ, ಕಿತ್ತಳೆ ಬಣ್ಣದ ಪುಟ್ಟ ಸೀಸೆಗೆ ತುಂಬಿ, ರೋಗಿಯ ಹೆಸರು ಅಂಟಿಸಿ ಕೊಡುತ್ತಾರೆ. ಅದರ ಮೇಲೆ ಗರಿಷ್ಠ ಬೆಲೆ ಎಂಬ ಅಂಕಿಯೇ ಇಲ್ಲ. ವಿಮೆ ಇದ್ದವರಿಗೆ ಒಂದು ಬೆಲೆ, ಇಲ್ಲದವರಿಗೆ ಇನ್ನೊಂದು, ಕೂಪನ್ನು ತೋರಿಸಿದವರಿಗೆ ಮತ್ತೊಂದು. ಮಾತ್ರೆ ಮಾತ್ರ ಒಂದೇ. ಎಷ್ಟೋ ಸಲ ಅದು ನಮ್ಮ ದೇಶದ ಕಂಪನಿಯೇ ತಯಾರಿಸಿದ ಜೆನೆರಿಕ್ ಮಾತ್ರೆ.

ಈ ಬೆಲೆಗಳನ್ನು ಕುದುರಿಸುವ ಮಧ್ಯವರ್ತಿಗಳಿಗೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎನ್ನುತ್ತಾರೆ. ಮೂರು ದೊಡ್ಡ ಸಂಸ್ಥೆಗಳು ಈ ವ್ಯವಹಾರದ ಬಹುಪಾಲನ್ನು ಹಿಡಿದಿವೆ. ಅವುಗಳಲ್ಲಿ ಒಂದಾದ ಕೇರ್‌ಮಾರ್ಕ್ ಸಿವಿಎಸ್ ಒಡೆತನದಲ್ಲೇ ಇದೆ. 2011ರಲ್ಲಿ ಆರಂಭವಾದ ಗುಡ್‌ಆರ್‌ಎಕ್ಸ್ ಇಂಥ ಮಧ್ಯವರ್ತಿಗಳು ಕುದುರಿಸಿದ ಬೆಲೆಯನ್ನು ವಿಮೆ ಇಲ್ಲದವರ ಕೈಗೂ ಎಟುಕಿಸಿತು. ಅದರ ಆ್ಯಪಿನಲ್ಲಿ ಔಷಧಿಯ ಹೆಸರು, ಮಿಲಿಗ್ರಾಂ, ಎಷ್ಟು ಮಾತ್ರೆ, ನೀವಿರುವ ಜಾಗದ ಜಿಪ್ ಕೋಡ್ ಕೊಟ್ಟರೆ ಸುತ್ತಲಿನ ಅಂಗಡಿಗಳ ಬೆಲೆ ಸಾಲಾಗಿ ಬರುತ್ತದೆ. ಬೇಕಾದ ಅಂಗಡಿಯ ಮೇಲೆ ಒತ್ತಿದರೆ ಬಿಐಎನ್, ಪಿಸಿಎನ್, ಗ್ರೂಪ್ ಎಂಬ ಸಂಖ್ಯೆಗಳಿರುವ ಕೂಪನ್ನು ಮೂಡುತ್ತದೆ. ಫಾರ್ಮಸಿಸ್ಟ್ ಆ ಸಂಖ್ಯೆಗಳನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಬೆಲೆ ಬದಲಾಗುತ್ತದೆ. ಅಕ್ಕಪಕ್ಕದ ಅಂಗಡಿಗಳ ನಡುವಿನ ಅಂತರ ಕೆಲವೊಮ್ಮೆ ದಂಗುಬಡಿಸುವಷ್ಟಿರುತ್ತದೆ.

ವಿಮೆ ಇದ್ದವರೂ ಈ ಬೆಲೆಯನ್ನು ಒಮ್ಮೆ ನೋಡುವುದು ಒಳ್ಳೆಯದು. ವಿಮೆಯಲ್ಲಿ ತಮ್ಮ ಪಾಲಾಗಿ ಕಟ್ಟಬೇಕಾದ ಹಣಕ್ಕಿಂತ ಕೂಪನ್ನಿನ ಬೆಲೆಯೇ ಕಡಿಮೆ ಇರುವುದುಂಟು. ಆದರೆ ಕೂಪನ್ನಿನಿಂದ ಕೊಟ್ಟ ಹಣ ಸಾಮಾನ್ಯವಾಗಿ ವಿಮೆಯಡಿ ವರ್ಷಕ್ಕೆ ನಾವೇ ಭರಿಸಬೇಕಾದ ಮೊತ್ತದ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನೆನಪಿರಲಿ. ವಿಮೆ ಬಿಟ್ಟು ನಗದು ಕೊಟ್ಟರೆ ಅಗ್ಗ ಎಂದು ಫಾರ್ಮಸಿಸ್ಟ್ ತಾನಾಗಿ ಗ್ರಾಹಕರಿಗೆ ಹೇಳದಂತೆ ಬಾಯಿ ಕಟ್ಟುವ ಷರತ್ತುಗಳು ಹಿಂದೆ ಕೆಲವು ಒಪ್ಪಂದಗಳಲ್ಲಿ ಇದ್ದವು. 2018ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರ ಕಾನೂನುಗಳು ಅವನ್ನು ನಿಷೇಧಿಸಿದವು. ಹಾಗಾಗಿ ಸಂಕೋಚ ಬಿಟ್ಟು ಕೇಳಿ: “ಇನ್ಶೂರೆನ್ಸ್ ಇಲ್ಲದೆ ಎಷ್ಟಾಗುತ್ತದೆ? ಕೂಪನ್ನಿಗೆ ಎಷ್ಟಾಗುತ್ತದೆ?” ಚೌಕಾಸಿ ಮಾಡುವುದು ಮರ್ಯಾದೆಯಲ್ಲ ಎಂದುಕೊಳ್ಳುವ ಮಕ್ಕಳು ಅಪ್ಪ ಅಮ್ಮನನ್ನು ತಡೆಯುವುದನ್ನು ಕಂಡಿದ್ದೇನೆ. ಇಲ್ಲಿ ಮರ್ಯಾದೆಯ ಪ್ರಶ್ನೆಯೇ ಇಲ್ಲ. ಬೆಲೆ ತಿಳಿಯುವುದು ಕಾಯಿಲೆಯವರ ಹಕ್ಕು.

ಕೂಪನ್ನಿನ ಗೊಡವೆಯೇ ಬೇಡ ಎನ್ನುವವರಿಗೂ ದಾರಿಗಳಿವೆ. ವಾಲ್‌ಮಾರ್ಟ್ 2006ರಲ್ಲಿ ಫ್ಲಾರಿಡಾದ ಟ್ಯಾಂಪಾದಿಂದ ಆರಂಭಿಸಿ, ಪಟ್ಟಿಯಲ್ಲಿರುವ ಜೆನೆರಿಕ್ ಔಷಧಿಗಳನ್ನು ತಿಂಗಳಿಗೆ 4 ಡಾಲರಿಗೆ ಕೊಡಲು ಮುಂದಾಯಿತು. ಉದ್ಯಮಿ ಮಾರ್ಕ್ ಕ್ಯೂಬನ್ 2022ರ ಜನವರಿಯಲ್ಲಿ ತೆರೆದ ಕಾಸ್ಟ್ ಪ್ಲಸ್ ಡ್ರಗ್ಸ್, ಕೊಂಡ ಬೆಲೆಗೆ ಶೇ 15 ಸೇರಿಸಿ, ಫಾರ್ಮಸಿಯ ಕೂಲಿ ಮತ್ತು ಅಂಚೆ ವೆಚ್ಚ ಕೂಡಿಸಿ, ಲೆಕ್ಕವನ್ನು ಬಿಚ್ಚಿಟ್ಟು ಮಾರುತ್ತದೆ. ನನಗೆ ಇದೇ ಹೆಚ್ಚು ಮೆಚ್ಚು. ಬೆಲೆ ಬಹಿರಂಗವಾಗಿದ್ದರೆ ಕೂಪನ್ನು ಹುಡುಕುವ ಕೆಲಸವೇ ಇರುವುದಿಲ್ಲ.

ಪುಕ್ಕಟೆ ಕೂಪನ್ನಿಗೂ ಒಂದು ಬೆಲೆ ಇದೆ: ನಮ್ಮ ಕಾಯಿಲೆಯ ಮಾಹಿತಿ. ಬಳಕೆದಾರರ ಆರೋಗ್ಯದ ವಿವರಗಳನ್ನು ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ಕೊಟ್ಟ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಗುಡ್‌ಆರ್‌ಎಕ್ಸ್ ವಿರುದ್ಧ ಕ್ರಮ ಕೈಗೊಂಡಿತು. ಸಂಸ್ಥೆ 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. ಖಾತೆ ತೆರೆಯದೆಯೂ ಬೆಲೆ ನೋಡಿ ಕೂಪನ್ನು ಪಡೆಯಬಹುದು. ನನ್ನ ಸಲಹೆ ಅದೇ.

ಮಕ್ಕಳ ಬಳಿಗೆ ಹೊರಟಿರುವ ಅಪ್ಪ ಅಮ್ಮಂದಿರೇ, ಟಿಕೆಟ್ಟು ತೆಗೆಸಿದ ವಾರವೇ ನಿಮ್ಮ ವೈದ್ಯರ ಬಳಿ ಹೋಗಿ. ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಿಗಾಗುವಷ್ಟು ಔಷಧಿ ಒಯ್ಯಬಹುದು. ಅದನ್ನು ಮೂಲ ಪ್ಯಾಕಿನಲ್ಲೇ, ಚೀಟಿಯ ಸಮೇತ ಕೈಚೀಲದಲ್ಲಿಡಿ. ಪ್ರವಾಸಿ ವಿಮೆಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಯ ಔಷಧಿಗೆ ಹಣ ಕೊಡುವುದಿಲ್ಲ. ಆರು ತಿಂಗಳು ಇರುವವರಿಗೆ ಅಲ್ಲಿ ಕೊಳ್ಳುವ ಪ್ರಸಂಗ ಬಂದೀತು. ಆಗ ಅಲ್ಲಿನ ವೈದ್ಯರು ಹೊಸ ಚೀಟಿ ಬರೆಯಬೇಕು, ನಮ್ಮ ಬ್ರ್ಯಾಂಡಿನ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಎರಡು ಮೂರು ಔಷಧಿ ಸೇರಿಸಿ ಮಾಡಿದ ನಮ್ಮ ಅನೇಕ ಮಾತ್ರೆಗಳು ಅಲ್ಲಿ ಸಿಗುವುದೂ ಇಲ್ಲ. ಆದ್ದರಿಂದ ಪ್ರತಿ ಮಾತ್ರೆಯ ಜೆನೆರಿಕ್ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಅದರ ಫೋಟೊ ತೆಗೆದು ಮಕ್ಕಳಿಗೆ ಇವತ್ತೇ ಕಳುಹಿಸಿ, ಅಲ್ಲಿನ ಬೆಲೆ ನೋಡಿಡಲು ಹೇಳಿ.